ಎಣ್ಣೆ ತೊಳೆದರೆ ಹಕ್ಕಿ ಉಳಿಯುವುದೇ?

ಹುಬ್ಬಿನ ಮೇಲೆ ಹಳದಿ ಕುಚ್ಚು, ಕೆಂಪು ಕಣ್ಣು, ಬಂಡೆಯಿಂದ ಬಂಡೆಗೆ ಕುಪ್ಪಳಿಸುವ ನಡಿಗೆ: ಉತ್ತರದ ರಾಕ್‌ಹಾಪರ್ ಪೆಂಗ್ವಿನ್‌ಗೆ ಆ ಹೆಸರು ಬಂದದ್ದೇ ಈ ನಡಿಗೆಯಿಂದ. ಅಳಿವಿನಂಚಿನಲ್ಲಿರುವ ಈ ಪಕ್ಷಿಯ ಬಹುಪಾಲು ಸಂತತಿ ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟಾನ್ ದ ಕೂನ್ಯಾ ದ್ವೀಪಸಮೂಹ ಮತ್ತು ಗಾಫ್ ದ್ವೀಪದಲ್ಲಿದೆ. ಉಳಿದವು ಹಿಂದೂ ಮಹಾಸಾಗರದ ಆಮ್‌ಸ್ಟರ್‌ಡ್ಯಾಮ್, ಸೇಂಟ್ ಪಾಲ್ ದ್ವೀಪಗಳಲ್ಲಿವೆ. ಟ್ರಿಸ್ಟಾನ್‌ನ ಜನಸಂಖ್ಯೆ ಮುನ್ನೂರನ್ನೂ ಮುಟ್ಟುವುದಿಲ್ಲ. ಅಲ್ಲಿಗೆ ವಿಮಾನವಿಲ್ಲ, ಕೇಪ್‌ಟೌನ್‌ನಿಂದ ಸುಮಾರು 2,800 ಕಿ.ಮೀ. ಹಡಗಿನಲ್ಲೇ ಹೋಗಬೇಕು.

ಈ ದೂರ ಎಷ್ಟು ದುಬಾರಿ ಎಂಬುದು 2011ರ ಮಾರ್ಚ್ 16ರಂದು ತಿಳಿಯಿತು. ಬ್ರೆಜಿಲ್‌ನಿಂದ ಸೋಯಾ ಹೊತ್ತು ಸಿಂಗಪುರದತ್ತ ಹೊರಟಿದ್ದ 'ಒಲಿವಾ' ಹಡಗು ಟ್ರಿಸ್ಟಾನ್ ಸಮೂಹದ ನೈಟಿಂಗೇಲ್ ದ್ವೀಪಕ್ಕೆ ಅಪ್ಪಳಿಸಿ ಒಡೆಯಿತು. ಸಿಬ್ಬಂದಿಯೆಲ್ಲ ಬದುಕಿದರು, ಇಂಧನ ಸಮುದ್ರ ಸೇರಿತು. ಎಣ್ಣೆ ಮೆತ್ತಿದ ಗರಿ ನೀರನ್ನು ತಡೆಯಲಾರದು. ಹಕ್ಕಿ ಚಳಿಗೆ ನಲುಗುತ್ತದೆ, ಬೇಟೆಗೆ ಇಳಿಯಲಾರದೆ ಸೊರಗುತ್ತದೆ. ದ್ವೀಪವಾಸಿಗಳು ಸುಮಾರು 3,700 ಪೆಂಗ್ವಿನ್‌ಗಳನ್ನು ಹಿಡಿದು ತಂದರು, ತೊಳೆದರು, ಮೀನು ತಿನ್ನಿಸಿದರು, ಊರಿನ ಈಜುಕೊಳವನ್ನೂ ಬಿಟ್ಟುಕೊಟ್ಟರು. ಕೇಪ್‌ಟೌನ್‌ನ ಪರಿಣತರು ಬಂದು ಸೇರುವಷ್ಟರಲ್ಲಿ ಮೊದಲ ವಾರಗಳೇ ಕಳೆದಿದ್ದವು. ಮತ್ತೆ ಸಮುದ್ರಕ್ಕೆ ಮರಳಿದವು ಹತ್ತರಲ್ಲಿ ಒಂದರಷ್ಟು ಮಾತ್ರ.

ಆ ಜನರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ತೊಳೆದು ಬದುಕಿಸುವುದನ್ನೇ ಸಂರಕ್ಷಣೆಯ ಮುಖ್ಯ ಮಾರ್ಗವೆಂದು ಬಿಂಬಿಸುವುದು ಸರಿಯಲ್ಲ. ಅದೇ ವೇಳೆ ಹೆಚ್ಚು ಗಮನ ಸೆಳೆಯದ ಇನ್ನೊಂದು ಕೆಲಸ ನಡೆಯಿತು: ಹಡಗಿನಿಂದ ಇಲಿ ದಡ ಸೇರೀತೆಂದು ನೈಟಿಂಗೇಲ್‌ನಲ್ಲಿ ಕಾವಲಿಡಲಾಯಿತು. ದ್ವೀಪದಲ್ಲಿ ಇಲಿ ನೆಲೆಯೂರಲಿಲ್ಲ. ಬಿಲದಲ್ಲಿ ಗೂಡು ಕಟ್ಟುವ ಕಡಲಹಕ್ಕಿಗಳಿಗಂತೂ ಇದು ಜೀವದಾನ. ಒಮ್ಮೆ ಹೊಕ್ಕ ದಂಶಕಗಳನ್ನು ಓಡಿಸುವುದು ಎಷ್ಟು ಕಷ್ಟವೆಂದು ಗಾಫ್ ತೋರಿಸಿದೆ. 2021ರಲ್ಲಿ ಅಲ್ಲಿನ ಮನೆ ಇಲಿಗಳನ್ನು ಪೂರ್ತಿ ನಿರ್ಮೂಲ ಮಾಡುವ ಪ್ರಯತ್ನ ವಿಫಲವಾಯಿತು.

2020ರಲ್ಲಿ ಟ್ರಿಸ್ಟಾನ್ ಸುಮಾರು 7 ಲಕ್ಷ ಚದರ ಕಿ.ಮೀ. ಕಡಲನ್ನು ಸಂರಕ್ಷಿತ ವಲಯವೆಂದು ಘೋಷಿಸಿತು. ಸಣ್ಣ ಸಮುದಾಯವೊಂದರ ದೊಡ್ಡ ನಿರ್ಧಾರವಿದು. ಆದರೂ ಗಾಫ್‌ನ ರಾಕ್‌ಹಾಪರ್‌ಗಳು 1950ರ ದಶಕದಿಂದ ಶೇ. 90ಕ್ಕೂ ಹೆಚ್ಚು ಕುಸಿದದ್ದಕ್ಕೆ ಎಣ್ಣೆ ಸೋರಿಕೆ ಕಾರಣವಲ್ಲ. ಕಡಲು ಬಿಸಿಯಾಗುವುದು, ಆಹಾರ ಕಡಿಮೆಯಾಗುವುದು ಶಂಕೆಯ ಪಟ್ಟಿಯಲ್ಲಿವೆ. ಈ ಹಕ್ಕಿ ವರ್ಷದ ಹಲವು ತಿಂಗಳು ದಡದಿಂದ ದೂರ ಕಳೆಯುತ್ತದೆ. ಯಾವ ದ್ವೀಪದ ಕಾವಲೂ ಅಲ್ಲಿಯವರೆಗೆ ತಲುಪದು. ಹಡಗುಗಳನ್ನು ದೂರವಿಡುವುದು, ಇಲಿ ತಡೆಯುವುದು, ಮರಿಗಳ ಎಣಿಕೆ ತಪ್ಪದೆ ನಡೆಸುವುದು ದ್ವೀಪದ ಕೈಲಿರುವ ಕೆಲಸಗಳು. ಅವು ಸಾಕಾಗವು, ಆದರೆ ಖರ್ಚು ಮಾಡುವ ಹಣ ಮೊದಲು ಅವುಗಳಿಗೇ ಹೋಗಬೇಕು, ಈಜುಕೊಳಕ್ಕಲ್ಲ.