ಆಂಗ್ಲಭಾಷೆಯಲ್ಲೊಂದು ಸ್ಥಳಪುರಾಣ

ಹಾಸನದಲ್ಲಿ 1908ರಲ್ಲಿ ಜನಿಸಿದ ಕನ್ನಡಿಗರಾದ ರಾಜಾರಾವ್ ಅವರು ಆಂಗ್ಲಭಾಷೆಯಲ್ಲಿ ರಚಿಸಿದ ‘ಕಾಂತಾಪುರ’ವೆಂಬ ಕಾದಂಬರಿಯು 1938ರಲ್ಲಿ ಲಂಡನ್ ನಗರದಲ್ಲಿ ಪ್ರಕಟವಾಯಿತು. ಪರಭಾಷೆಯಲ್ಲಿ ಸ್ವದೇಶದ ಸ್ಮೃತಿಯು ನಿಲ್ಲಲಾರದೆಂಬುದು ಇಂತಹ ಕೃತಿಗಳ ಮೇಲಣ ಸಾಮಾನ್ಯವಾದ ಆಕ್ಷೇಪ. ಈ ಕಷ್ಟವು ಗ್ರಂಥಕರ್ತರಿಗೆ ತಿಳಿಯದುದಲ್ಲ. ಮುನ್ನುಡಿಯಲ್ಲಿ ಅವರೇ ಅದನ್ನು ವಿಚಾರಿಸಿರುವರು. ಅವರು ಕಂಡುಕೊಂಡ ಪರಿಹಾರವೆಂದರೆ ಸ್ಥಳಪುರಾಣದ ರೀತಿ.

ಅಚ್ಚಕ್ಕನೆಂಬ ವೃದ್ಧ ವಿಧವೆಯು ಊರಿನ ಕಥೆಯನ್ನು ಹೇಳುವಳು. ಕೆಂಚಮ್ಮನ ಮಹಿಮೆ, ಜಯರಾಮಾಚಾರ್ಯರ ಹರಿಕಥೆ, ಗಾಂಧಿಯವರ ಸತ್ಯಾಗ್ರಹ—ಇವೆಲ್ಲವೂ ಆಕೆಯ ಒಂದೇ ಉಸಿರಿನ ದೀರ್ಘವಾಕ್ಯಗಳಲ್ಲಿ ಬೆರೆಯುವುವು. ಭಾಷೆ ಆಂಗ್ಲವಾದರೂ ಲಯವು ಜಗಲಿಯ ಮೇಲಣ ಅಜ್ಜಿಯದು.

ಕಥಾರಂಭದಲ್ಲಿಯೇ ಏಲಕ್ಕಿ, ಕಾಫಿಗಳನ್ನು ಹೊತ್ತ ಗಾಡಿಗಳು ಘಟ್ಟವನ್ನಿಳಿದು ಸಮುದ್ರದ ಕಡೆಗೆ ಸಾಗುವುವು. ಲೋಕವಾಣಿಜ್ಯವು ಊರಿನ ಬಾಗಿಲಲ್ಲೇ ಹಾದುಹೋಗುವುದು. ಸ್ಕೆಫಿಂಗ್‌ಟನ್ ಕಾಫಿತೋಟದ ಕೂಲಿಗಳ ಬವಣೆಯೂ ಅದರ ಫಲವೇ. ಕಡೆಗೆ ಊರು ಪಾಳಾಗಿ, ಉಳಿದವರು ಕಾಶೀಪುರವನ್ನು ಸೇರುವರು. ಸ್ಥಳವು ಅಳಿದರೂ ಪುರಾಣವು ಉಳಿಯಿತು. ಕೃತಿಯ ಗುಣಸರ್ವಸ್ವವು ಇದೇ. ಆಕ್ಷೇಪಕ್ಕೆ ಸಮಾಧಾನವೂ ಇದೇ.

ಹೀಗೆಂದು ಕೃತಿಯು ನಿರ್ದೋಷವಲ್ಲ. ಆದರೆ ದೋಷವಿರುವುದು ಭಾಷೆಯಲ್ಲಲ್ಲ. ಅಚ್ಚಕ್ಕನ ಸ್ಮೃತಿಯು ಬ್ರಾಹ್ಮಣರ ಬೀದಿಯ ಸ್ಮೃತಿ. ಮೂರ್ತಿಯು ಅಸ್ಪೃಶ್ಯನೆನಿಸಿದ ರಾಚಣ್ಣನ ಮನೆಯಲ್ಲಿ ಅಳುಕುತ್ತ ಹಾಲು ಕುಡಿಯುವ ಪ್ರಸಂಗವನ್ನೂ ಆಕೆಯೇ ಹೇಳುವಳು. ರಾಚಣ್ಣನ ಮನೆಯವರು ಹೇಳಿದ್ದರೆ ಅದು ಬೇರೊಂದು ಕಥೆಯಾಗುತ್ತಿತ್ತು. ಕೇಳುವವನು ವಿದೇಶೀಯನಾದಾಗ ಈ ಕೊರತೆಯು ಮತ್ತಷ್ಟು ಭಾರವಾಗುವುದು. ಒಂದು ಬೀದಿಯ ನೆನಪನ್ನೇ ಅವನು ಇಡೀ ಊರಿನ ನೆನಪೆಂದು ತಿಳಿಯುವನು. ಎಲ್ಲ ಕೇರಿಗಳೂ ಬಾಯಿ ತೆರೆದಲ್ಲದೆ ಸ್ಥಳಪುರಾಣವು ಪೂರ್ಣವಾಗದು.