ಹಾಡು ಉಳಿದವರು, ಹೆಸರಷ್ಟೇ ಉಳಿದವರು

ಬೆಳಗಾವಿಯಿಂದ ಖಾನಾಪುರ ಮುಟ್ಟುವಷ್ಟರಲ್ಲಿ ಲಂಡನ್ನಿನ ಕೆಲೈಡೋಸ್ಕೋಪ್ ತಂಡದ ‘ಟ್ಯಾಂಜರಿನ್ ಡ್ರೀಮ್’ ಪೂರ್ತಿ ಕೇಳಬಹುದು. 1967ರ ಸೈಕೆಡೆಲಿಕ್ ಪಾಪ್ ಆಲ್ಬಮ್. ಆಗ ಹೆಚ್ಚು ಮಾರಾಟ ಆಗಲಿಲ್ಲ; 1969ರ ಎರಡನೇದಕ್ಕೂ ಅದೇ ಗತಿ. ಆದರೆ ಹಾಡು ಉಳಿದಾವ. ಹಾಗಾಗಿ ಇವತ್ತು ನಾನೇ ಕೇಳಿ ಹೇಳಬಲ್ಲೆ: ಸಾಹಿತ್ಯಕ್ಕೆ ಅಲ್ಲಲ್ಲಿ ಬಣ್ಣ ಜಾಸ್ತಿ ಆತು, ಟ್ಯೂನು ಮಾತ್ರ ಗಟ್ಟಿ.

ನಮ್ಮ ಬೆಂಗಳೂರಿನ ಹ್ಯೂಮನ್ ಬಾಂಡೇಜ್ ಬಗ್ಗೆ ಇಷ್ಟೂ ಹೇಳಲಿಕ್ಕೆ ಆಗೂದಿಲ್ಲ. ಎಪ್ಪತ್ತರ ದಶಕದಲ್ಲಿ ಸುರೇಶ್, ರಮೇಶ್ ಶೋಥಮ್ ಅಣ್ಣತಮ್ಮಂದಿರು ನಡೆಸಿದ ರಾಕ್ ತಂಡ ಅದು. ಮುಂದೆ ಜಾಝ್ ಗಾಯಕಿಯಾದ ರಾಧಾ ಥಾಮಸ್ ಅದರಲ್ಲಿ ಹಾಡಿದ್ದರು. ದೇಶದಲ್ಲೆಲ್ಲ ಹೆಸರು ಮಾಡಿ ಕೆಲವೇ ವರ್ಷಗಳಲ್ಲಿ ಚದುರಿತು. ಸ್ವಂತದ್ದೊಂದು ಎಲ್‌ಪಿ ಇಲ್ಲ. ಡ್ರಮ್ಸ್ ಬಾರಿಸುತ್ತಿದ್ದ ರಮೇಶ್ ಆಮೇಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ಕಲಿತು, ತವಿಲ್ ಹಿಡಿದು ಜರ್ಮನಿಯ ಕಲೋನ್‌ನಲ್ಲಿ ನೆಲೆಸಿದರು. ಆ ತಾಳದ ಬೀಜ ರಾಕ್ ತಂಡದಲ್ಲೇ ಇತ್ತೇನು? ತೀರ್ಮಾನ ಮಾಡಲಿಕ್ಕೆ ಕೇಳಬೇಕಲ್ಲ!

ಅವತ್ತು ಎದುರಿಗೆ ಕೂತು ಕೇಳಿದವರ ಹೊಗಳಿಕೆ ಖರೇನೇ ಇರಬಹುದು, ಆದರೆ ಅದು ವಿಮರ್ಶೆ ಅಲ್ಲ. ಸೋತ ಹಾಡು ಐವತ್ತು ವರ್ಷದ ಮೇಲೂ ಗೆಲ್ಲಬಹುದು, ರೆಕಾರ್ಡ್ ಆಗಿದ್ದರೆ.

ಖಾನಾಪುರ ತಾಲೂಕಿನ ನಮ್ಮೂರ ಭಜನಿ ಮೇಳದ ಹಿರೇರು ಇನ್ನೂ ಹಾಡ್ತಾರ. ಅವರ ದನಿ ಎಲ್ಲೂ ದಾಖಲಾಗಿಲ್ಲ. ನಿಮ್ಮೂರಾಗೂ ಇಂಥವರು ಇರ್ತಾರ. ಈ ಸಲ ಹಬ್ಬಕ್ಕೆ ಹೋದಾಗ ಫೋನ್ ತೆಗೀರಿ. ಮೂವತ್ತು ಸೆಕೆಂಡಿನ ರೀಲ್ ಬ್ಯಾಡ. ಹಾಡು ಮುಗಿಯೋತನಕ ರೆಕಾರ್ಡ್ ಮಾಡ್ರಿ.