ನರಸಿಂಹನಿಗೆ ತೊಡಿಸಿದ ಕೋಟು

ನಮ್ಮ ಶಿವಮೊಗ್ಗದ ಹುಡುಗರು ಕಂಪ್ಯೂಟರ್ ಆಟ ಆಡುತ್ತಾರೆಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಆಟ ನಡೆಯುವ ಊರನ್ನೇ ಕಟ್ಟುತ್ತಾರೆಂದರೆ ಮಾತ್ರ ನಾವು ಕತ್ತೆತ್ತಿ ನೋಡಬೇಕು. ನನ್ನ ತಂಗಿಯ ಮಗ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನವನ್ನು ಹಾಗೆ ಕಟ್ಟಿದ್ದಾನೆ. ಕತೆ ಕಾದಂಬರಿಗೆ ವಿಮರ್ಶೆ ಬರೆಯುವಾಗ ಇದಕ್ಕೇಕೆ ಬರೆಯಬಾರದು?

ಅವನು ಬಳಸಿದ ಸಲಕರಣೆಯ ಹೆಸರು ಹ್ಯಾಮರ್, ಅಂದರೆ ಸುತ್ತಿಗೆ. ಕಬ್ಬಿಣದ ಕಾರ್ಖಾನೆಯ ಊರಿಗೆ ಒಪ್ಪುವ ಹೆಸರೇ ಎನ್ನಿ. ಮೊದಲು ಗೋಡೆ, ಕಂಬ, ಜಗಲಿಗಳನ್ನು ಬರಿಯ ಪೆಟ್ಟಿಗೆಗಳಂತೆ ಜೋಡಿಸುತ್ತಾರೆ. ಆಮೇಲೆ ಒಂದೊಂದು ಮುಖಕ್ಕೂ ಕಲ್ಲಿನದೋ ಮರದ್ದೋ ಚಿತ್ರ ಅಂಟಿಸುತ್ತಾರೆ. ಅದೇ ಟೆಕ್ಸ್ಚರ್. ಯಾವ ಗೋಡೆಯ ಮೇಲೆ ಒತ್ತಿದರೂ ಅದಕ್ಕೆ ಅಂಟಿದ ಚಿತ್ರದ ಹೆಸರು ತೋರುತ್ತದೆ. ಚಿತ್ರ ಚಿಕ್ಕದು, ಬದಿಗೆ ೨೫೬ ಅಥವಾ ೫೧೨ ಚುಕ್ಕೆ, ಗೋಡೆ ದೊಡ್ಡದು. ಹಾಗಾಗಿ ಸೀರೆಯ ಬುಟ್ಟಾದಂತೆ ಅದೇ ಮತ್ತೆ ಮತ್ತೆ ಬರುತ್ತದೆ. ಮೂಲೆಯಲ್ಲಿ ಎರಡು ಮುಖ ಸೇರುವಾಗ ಕಲ್ಲಿನ ಸಾಲು ಕೂಡಬೇಕು. ಚೌಕಳಿ ಬಟ್ಟೆಯಲ್ಲಿ ರವಿಕೆ ಹೊಲಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಹುಡುಗ ಗೆದ್ದಿದ್ದಾನೆ. ಎಲ್ಲೂ ಜೋಡಣೆ ತಪ್ಪಿಲ್ಲ.

ಸೋತಿರುವುದು ಕಲ್ಲನ್ನು ಗುರುತಿಸುವುದರಲ್ಲಿ. ಹದಿಮೂರನೆಯ ಶತಮಾನದ ಈ ಹೊಯ್ಸಳ ತ್ರಿಕೂಟಾಲಯ ಬಳಪದ ಕಲ್ಲಿನದು. ಮೆತ್ತಗಿನ ಕಲ್ಲು, ಉಳಿಗೆ ಒಲಿಯುತ್ತದೆ, ನುಣುಪಿಗೆ ಬರುತ್ತದೆ. ಹೊಯ್ಸಳರ ಕಂಬಗಳಿಗೆ ಬಳೆ ಜೋಡಿಸಿದಂಥ ಆ ಸುತ್ತುಗೆರೆ ಬಂದದ್ದೇ ಹಾಗೆ. ಇವನು ಮೊದಲು ಹಚ್ಚಿದ್ದು ೨೦೦೪ರ ಹಾಫ್-ಲೈಫ್ ೨ ಆಟದ ಜೊತೆ ಬಂದ ಒರಟು ಗೋಡೆಯನ್ನು. ಆ ಆಟದ ಊರು ಪೂರ್ವ ಯುರೋಪಿನಂಥದು. ನರಸಿಂಹಸ್ವಾಮಿಗೆ ಚಳಿದೇಶದ ಕೋಟು!

"ದೊಡ್ಡಮ್ಮಾ, ಆಡೋರು ಓಡ್ತಾನೇ ಇರ್ತಾರೆ. ಕಲ್ಲು ಯಾರು ನೋಡ್ತಾರೆ?" ಎಂದ.

ನೋಡುತ್ತಾರಪ್ಪ. ೧೯೯೯ರಲ್ಲಿ ಕೌಂಟರ್-ಸ್ಟ್ರೈಕ್ ಆಟಕ್ಕೆ 'ಡಸ್ಟ್' ಎಂಬ ನೆಲೆ ಕಟ್ಟಿದವರು ಡೇವ್ ಜಾನ್‌ಸ್ಟನ್. ಅದರ ಗೋಡೆಗಳ ಚಿತ್ರ ಮಾಡಿಕೊಟ್ಟವರು ಕ್ರಿಸ್ ಆಶ್ಟನ್ ಎಂಬ ಬೇರೊಬ್ಬರು. ಅಲ್ಲೂ ಎಲ್ಲರೂ ಓಡುವವರೇ. ಆದರೂ ಆ ಮರಳುಬಣ್ಣದ ಗೋಡೆಯ ತುಂಡೊಂದನ್ನು ತೋರಿಸಿದರೆ ಸಾಕು, ಹುಡುಗರು ಊರಿನ ಹೆಸರು ಹೇಳುತ್ತಾರೆ.

ಮಾತು ನಾಟಿತೆಂದು ಕಾಣುತ್ತದೆ, ತಾನೇ ಹೋಗಿ ಫೋಟೋ ತೆಗೆದು ತಂದ. ಈಗ ಕಲ್ಲು ನಮ್ಮದಾಯಿತು. ಆದರೆ ತೆಗೆದದ್ದು ಇಳಿಬಿಸಿಲಿನಲ್ಲಿ. ಚಿತ್ರದಲ್ಲೇ ನೆರಳು ಕೂತಿದೆ. ಆಟದ ಸೂರ್ಯ ಬೇರೆ ದಿಕ್ಕಿನಲ್ಲಿದ್ದಾನೆ. ಇಂಥ ಫೋಟೋಕ್ಕೆ ಮೋಡದ ದಿನವೇ ಬೇಕು, ಮಲೆನಾಡಿನ ಅಂಚಿನವರಿಗೆ ಮೋಡದ ಬರವೇ? ಇನ್ನೊಂದು ತಮಾಷೆ: ಯಾರೋ ಭಕ್ತೆ ಇಟ್ಟ ಒಂದೇ ಕುಂಕುಮದ ಬೊಟ್ಟು ಗೋಡೆಯುದ್ದಕ್ಕೂ ಹನ್ನೊಂದು ಕಡೆ ಇದೆ.

ಹೆಜ್ಜೆಯ ಸದ್ದೂ ಟೆಕ್ಸ್ಚರಿಗೆ ಸೇರಿದ್ದು. ಇದು ಕಲ್ಲು, ಇದು ಮರ, ಇದು ಲೋಹ ಎಂದು ಚಿತ್ರದ ಕಡತದಲ್ಲೇ ಬರೆದಿರಬೇಕು. ಇವನು ಲೋಹದ ಕಡತವನ್ನು ನಕಲು ಮಾಡಿ ಒಳಗಿನ ಆ ಸಾಲನ್ನು ಹಾಗೇ ಬಿಟ್ಟಿದ್ದಾನೆ. ನವರಂಗದಲ್ಲಿ ನಡೆದರೆ ತಗಡಿನ ಸದ್ದು! ೧೯೨೩ರಲ್ಲಿ ಕೆಲಸ ಶುರುಮಾಡಿದ ಕಾರ್ಖಾನೆಗೆ ಅದು ಸರಿ, ದೇವಸ್ಥಾನಕ್ಕಲ್ಲ.

ಇವೆಲ್ಲ ಒಂದು ಸಂಜೆಯ ಕೆಲಸ, ತಿದ್ದಬಹುದು. ನನ್ನ ನಿಜವಾದ ತಕರಾರು ಹಿಂಗೋಡೆಯದು. ಯಾರ ಕಣ್ಣಿಗೂ ಬೀಳದ ಮುಖಗಳಿಗೆ 'ನೋಡ್ರಾ' ಎಂಬ ಗುರುತು ಹಚ್ಚುತ್ತಾರೆ. ಕಂಪ್ಯೂಟರ್ ಆ ಮುಖವನ್ನು ಬಿಡಿಸುವ ಗೋಜಿಗೇ ಹೋಗುವುದಿಲ್ಲ, ಆಟ ಚುರುಕಾಗುತ್ತದೆ. ಕೋಣೆಯ ಗೋಡೆಗೆ ಅಂಟಿದ ಬೀರುವಿನ ಬೆನ್ನಿಗಾದರೆ ಇದು ಜಾಣತನ. ಇವನು ಗರ್ಭಗುಡಿಗಳ ಹಿಂಬದಿಗೆಲ್ಲ ಹಚ್ಚಿದ್ದಾನೆ. ಓಡುವವರು ಬಾಗಿಲಿನಿಂದಲೇ ತಿರುಗುತ್ತಾರೆ, ಅಲ್ಲಿಗೆ ಯಾರೂ ಬರುವುದಿಲ್ಲ ಎಂಬ ಲೆಕ್ಕ. ಗುಡಿಗೆ ಹೋದ ನಾವು ಹೆಂಗಸರು ಮೊದಲು ಮಾಡುವುದೇನು? ಪ್ರದಕ್ಷಿಣೆ. ಅವನ ಗುಡಿಗೆ ನಾನು ಪ್ರದಕ್ಷಿಣೆ ಹೊರಟೆ. ಹಿಂದಕ್ಕೆ ತಿರುಗಿದೊಡನೆ ಗೋಡೆಯೇ ಇಲ್ಲ. ಮೂರೂ ದೇವರ ಬೆನ್ನಿಗೆ ಬಯಲು.

"ಅಲ್ಲಿಗೂ ಫೋಟೋ ಬೇಕಲ್ಲ ದೊಡ್ಡಮ್ಮಾ" ಎಂದ. ಮುಂದಿನ ಭಾನುವಾರ ಮೋಡವಿದ್ದರೆ ಬೆಳಗಿನ ಬಸ್ಸಿಗೆ ಇಬ್ಬರೂ ಭದ್ರಾವತಿಗೆ ಹೋಗುವುದೆಂದಾಗಿದೆ.